ನೀರಿನ ಕ್ಯಾನು, ಅಜ್ಜಿಯ ಎದೆ ಮತ್ತು ಎರಡನೇ ಸೆಮಿಸ್ಟರ್

ಸ್ಟೆತಾಸ್ಕೋಪ್ ಕೊಂಡ ಮೊದಲ ರಾತ್ರಿ ನನ್ನ ಎದೆಬಡಿತ ನನಗೇ ಕೇಳಿಸಲಿಲ್ಲ. ನರ್ಸಿಂಗ್ ಕಾಲೇಜಿನ ಹಾಸ್ಟೆಲಿನ ಮಂಚದ ಮೇಲೆ ಕುಳಿತು, ಅಂಗಿಯ ಗುಂಡಿ ಬಿಚ್ಚಿ, ಪುಸ್ತಕದ ಚಿತ್ರದಲ್ಲಿ ಕೆಂಪು ಚುಕ್ಕೆ ಇದ್ದ ಜಾಗಕ್ಕೇ ಇಟ್ಟೆ. ಏನೂ ಇಲ್ಲ. ಒಂದು ಅಂಗುಲ ಬಲಕ್ಕೆ ಸರಿಸಿದೆ, ಒತ್ತಿ ಹಿಡಿದೆ, ಉಸಿರು ಬಿಗಿಹಿಡಿದು ಕಾದೆ. ದೂರದಲ್ಲೆಲ್ಲೋ ನೀರಿನ ಮೋಟಾರು ಓಡುತ್ತಿರುವಂತೆ ಗುಂಯ್ ಎನ್ನುವುದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲು ಅಂಗಡಿಯವನ ಮೇಲೆ ಸಿಟ್ಟು ಬಂತು, ಆರುನೂರೈವತ್ತು ರೂಪಾಯಿ ಎಣಿಸಿಕೊಂಡು ಕೆಟ್ಟ ಮಾಲು ದಾಟಿಸಿದ ಎಂದು. ಅರ್ಧ ಗಂಟೆ ಕಳೆದ ಮೇಲೆ ಅನುಮಾನ ನನ್ನ ಕಿವಿಯ ಕಡೆಗೇ ತಿರುಗಿತು.

ಕೊಟ್ಟಾಯಂ ಕಡೆಯ ನನ್ನ ಕೋಣೆಯ ಗೆಳೆಯ ಎದುರು ಮಂಚದಿಂದ ಇದನ್ನೆಲ್ಲ ನೋಡುತ್ತಿದ್ದ. ಎದ್ದು ಬಂದು, ಏನೂ ಹೇಳದೆ ಅದನ್ನು ನನ್ನ ಕಿವಿಯಿಂದ ತೆಗೆದು, ಹಿಂದುಮುಂದು ತಿರುಗಿಸಿ ಮತ್ತೆ ಹಾಕಿದ. ಕಿವಿಗೆ ಹೋಗುವ ತುದಿಗಳು ಮೂಗಿನ ಕಡೆಗೆ ಬಾಗಿರಬೇಕಂತೆ, ಏಕೆಂದರೆ ಕಿವಿಯೊಳಗಿನ ದಾರಿ ಮುಂದಕ್ಕೆ ಓರೆಯಾಗಿ ಸಾಗುತ್ತದೆ. ಎದೆಗೆ ಇಡುವ ಬಿಲ್ಲೆಗೂ ಎರಡು ಮುಖ. ಒಂದನ್ನು ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ನಾನು ಮುಚ್ಚಿದ ಮುಖವನ್ನು ಎದೆಗೊತ್ತಿಕೊಂಡು ಕುಳಿತಿದ್ದೆ. ಎರಡೂ ಸರಿಯಾದ ಮೇಲೆ ಕೇಳಿಸಿತು, ಲಬ್-ಡಬ್. ಗೆಳೆಯ ತನ್ನ ಮಂಚಕ್ಕೆ ಮರಳಿ ಮಲಗಿಕೊಂಡ. ಅವನು ಆ ರಾತ್ರಿ ನಗಲಿಲ್ಲ ಎನ್ನುವುದಕ್ಕೆ ಇಂದಿಗೂ ನಾನು ಋಣಿ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ತಂದಿತು. ಒಟ್ಟು ಎಂಟು ಸೆಮಿಸ್ಟರ್. ಎರಡನೆಯದರ ‘ನರ್ಸಿಂಗ್ ಫೌಂಡೇಶನ್-2’ ಎಂಬ ವಿಷಯದೊಳಗೆ ಹೆಲ್ತ್ ಅಸೆಸ್‌ಮೆಂಟ್ ಅಡಗಿ ಕುಳಿತಿದೆ. ತಲೆಯಿಂದ ಕಾಲಿನ ಬೆರಳಿನವರೆಗೆ ಒಬ್ಬ ಮನುಷ್ಯನನ್ನು ಕ್ರಮವಾಗಿ ನೋಡಿ, ಮುಟ್ಟಿ, ತಟ್ಟಿ, ಆಲಿಸಿ, ಕಂಡದ್ದನ್ನು ಬರೆದಿಡುವ ವಿದ್ಯೆ ಅದು. ಕಾಲೇಜಿನ ಸೀನಿಯರುಗಳು ಅದರ ಬಗ್ಗೆ ಮಾತಾಡುವಾಗ, ಊರಿನಲ್ಲಿ ಹಿರಿಯರು ಬರಗಾಲದ ವರ್ಷಗಳನ್ನು ನೆನೆಯುವ ಧಾಟಿ ಇರುತ್ತಿತ್ತು. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ಊರಿಗೆ ಹೋಗುವುದನ್ನು ಎರಡೇ ದಿನಕ್ಕೆ ಇಳಿಸಿ, ಉಳಿದ ದಿನಗಳನ್ನು ಬೆಂಗಳೂರಿನಲ್ಲೇ ಕಳೆದು ತಯಾರಾಗಬೇಕೆಂದು ತೀರ್ಮಾನಿಸಿದೆ. ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷಿನ ಪಾಠವನ್ನು ಉಳಿದವರಿಗಿಂತ ಒಂದು ತಿಂಗಳು ಮೊದಲೇ ಶುರು ಮಾಡದಿದ್ದರೆ ಹಿಂದುಳಿಯುತ್ತೇನೆಂಬುದು ಮೊದಲ ಸೆಮಿಸ್ಟರಿನಲ್ಲೇ ಗೊತ್ತಾಗಿತ್ತು.

ಮೊದಲ ವಾರ ನಾನು ಮಾಡಿದ್ದು ಶುದ್ಧ ದಂಡದ ಕೆಲಸ. ಸೀನಿಯರೊಬ್ಬರು ಕೊಟ್ಟ ಚೆಕ್‌ಲಿಸ್ಟುಗಳನ್ನು ಜೆರಾಕ್ಸ್ ಮಾಡಿಸಿ, ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಎದೆಗೆ ಇಷ್ಟು ಹಂತ, ಹೊಟ್ಟೆಗೆ ಇಷ್ಟು, ನರಮಂಡಲಕ್ಕೆ ಇಷ್ಟು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ದಪ್ಪನೆಯ ಅನಾಟಮಿ ಪುಸ್ತಕವನ್ನೂ ಕೊಂಡೆ. ಹಿಂದಿನ ಮಾಲೀಕ ಮೊದಲ ಅರವತ್ತು ಪುಟಗಳಿಗೆ ಮಾತ್ರ ಹಳದಿ ಬಳಿದಿದ್ದ. ಅಲ್ಲಿಂದಾಚೆಗೆ ಅವನೂ ಕೈಚೆಲ್ಲಿದ್ದನೆಂದು ಕಾಣುತ್ತದೆ. ವಾರದ ಕೊನೆಗೆ ಗೆಳೆಯನನ್ನು ಮಲಗಿಸಿ ಪಾಠ ಒಪ್ಪಿಸಲು ಹೊರಟೆ. ನಾಲ್ಕನೆಯ ಹಂತದ ಮೇಲೆ ಅವನು, “ಅಲ್ಲಿ ಏನು ನೋಡುತ್ತಿದ್ದೀಯ?” ಎಂದು ಕೇಳಿದ. ನಾನು ಐದನೆಯ ಹಂತದ ಹೆಸರು ಹೇಳಿದೆ. ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದೆ. ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ.

ಕೈಗೆ ಬರಲು ಅತ್ಯಂತ ಸತಾಯಿಸಿದ್ದು ತಟ್ಟುವುದು. ಎಡಗೈಯ ನಡುಬೆರಳನ್ನು ಮೈಗೆ ಒತ್ತಿಟ್ಟು, ಅದರ ತುದಿಯ ಗೆಣ್ಣಿನ ಮೇಲೆ ಬಲಗೈ ನಡುಬೆರಳಿನಿಂದ ಟಕ್ ಎಂದು ಹೊಡೆಯಬೇಕು. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಒಂದು ನಾದ, ಗಟ್ಟಿಯಾದ ಯಕೃತ್ತಿನ ಮೇಲೆ ಮಂಕು ಸದ್ದು, ಗಾಳಿಯಿರುವ ಹೊಟ್ಟೆಯ ಮೇಲೆ ಡೋಲಿನಂಥದ್ದು, ತೊಡೆಯ ಮೇಲೆ ಚಪ್ಪಟೆ. ನನ್ನ ಬೆರಳಿಗೆ ಎಲ್ಲವೂ ಒಂದೇ. ಉಗುರು ಬೇರೆ ಬೆಳೆದಿದ್ದರಿಂದ ಎಡಬೆರಳಿನ ಗೆಣ್ಣು ಸಂಜೆಯ ಹೊತ್ತಿಗೆ ಕೆಂಪಗಾಗುತ್ತಿತ್ತು.

ಈ ವಿದ್ಯೆಯನ್ನು 1761ರಲ್ಲಿ ಮೊದಲು ಬರೆದಿಟ್ಟವರು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔವೆನ್‌ಬ್ರುಗರ್. ಅವರ ತಂದೆ ಹೋಟೆಲು ನಡೆಸುತ್ತಿದ್ದವರು. ಪೀಪಾಯಿ ತಟ್ಟಿ ಒಳಗಿನ ಮಟ್ಟ ತಿಳಿಯುವುದನ್ನು ಹುಡುಗ ಅಲ್ಲಿಯೇ ಕಂಡಿದ್ದನೆಂದು ಹೇಳುತ್ತಾರೆ. ನಮಗೆ ಪೀಪಾಯಿ ಇಲ್ಲದಿದ್ದರೇನು, ಎಳನೀರಿದೆ. ರಾಮಕೃಷ್ಣ ಆಶ್ರಮದ ಬಳಿ ಗಾಡಿ ನಿಲ್ಲಿಸಿಕೊಂಡಿದ್ದ ಒಬ್ಬರು ಮಚ್ಚಿನ ಹಿಂಬದಿಯಿಂದ ಕಾಯಿಗಳನ್ನು ಬಡಿದು, “ಇದು ಬರೀ ನೀರು, ಇದು ಗಂಜಿ” ಎಂದು ಬೇರೆ ಮಾಡುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೆ. ಆದರೆ ಅವರ ಮಣಿಕಟ್ಟನ್ನು ನೋಡಿದ್ದು ಆಗಲೇ. ಮೊಣಕೈ ಅಲುಗುತ್ತಿರಲಿಲ್ಲ. ಮಣಿಕಟ್ಟು ಮಾತ್ರ ಬಿದ್ದು, ತಾಗಿದ ಕ್ಷಣಕ್ಕೇ ಹಾರಿ ಬರುತ್ತಿತ್ತು. ನಾನು ಬಾಗಿಲು ಬಡಿದ ಹಾಗೆ ಬಡಿದು, ಬೆರಳನ್ನು ಅಲ್ಲಿಯೇ ಒತ್ತಿ ಹಿಡಿದು ಸದ್ದನ್ನು ಕೊಲ್ಲುತ್ತಿದ್ದೆ.

ಅಭ್ಯಾಸಕ್ಕೆ ಸಿಕ್ಕ ಗುರು ಹಾಸ್ಟೆಲಿನ ಕುಡಿಯುವ ನೀರಿನ ಕ್ಯಾನು, ಇಪ್ಪತ್ತು ಲೀಟರಿನದು. ಕಣ್ಣು ಮುಚ್ಚಿ ಮೇಲಿನಿಂದ ತಟ್ಟುತ್ತಾ ಇಳಿಯುವುದು, ಸದ್ದು ಬದಲಾದಲ್ಲಿ ಬೆರಳು ನಿಲ್ಲಿಸುವುದು, ಕಣ್ಣು ಬಿಟ್ಟು ನೀರಿನ ಮಟ್ಟ ನೋಡುವುದು. ಕ್ಯಾನು ಪಾರದರ್ಶಕವಾದ್ದರಿಂದ ಉತ್ತರ ಅದರಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ ಈ ಉಪಾಯಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮೊದಲ ದಿನ ನಾಲ್ಕು ಬೆರಳಿನಷ್ಟು ತಪ್ಪುತ್ತಿತ್ತು, ಹತ್ತನೆಯ ದಿನಕ್ಕೆ ಒಂದು ಬೆರಳು. ಮೆಸ್ಸಿನ ಅಡುಗೆಯವರು ಮಾತ್ರ ನಾನು ನೀರು ಕದಿಯಲು ಸಮಯ ನೋಡುತ್ತಿದ್ದೇನೆಂದು ಬಹಳ ದಿನ ನಂಬಿದ್ದರು.

ಶನಿವಾರ, ಭಾನುವಾರ ಹನುಮಂತನಗರದ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಪ್ರಯೋಗಕ್ಕೆ ಮೂರು ದೇಹಗಳಿದ್ದವು: ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ. ಮೂವರಿಗೂ ಚಹರೆ, ತೂಕ, ತಾಳ್ಮೆ ಬೇರೆ ಬೇರೆ. ಕಾಲೇಜಿನ ಸ್ಕಿಲ್ ಲ್ಯಾಬಿನಲ್ಲಿ ಅಭ್ಯಾಸಕ್ಕಿಟ್ಟ ರಬ್ಬರ್ ಗೊಂಬೆಗೆ ಕಚಗುಳಿ ಆಗುವುದಿಲ್ಲ, ಅದು ಮಧ್ಯೆ ಎದ್ದು ಹಾಲು ಉಕ್ಕಿತೇ ಎಂದು ನೋಡಲು ಹೋಗುವುದಿಲ್ಲ. ದೊಡ್ಡಮ್ಮ ಹೋಗುತ್ತಾರೆ.

ದೊಡ್ಡಪ್ಪನ ರಕ್ತದೊತ್ತಡ ಅಳೆದ ಭಾನುವಾರ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. 164/102 ಬಂತು. ಇನ್ನೊಮ್ಮೆ ನೋಡಿದೆ, 160/100. ದೊಡ್ಡಮ್ಮ ಉಪ್ಪಿನಕಾಯಿಯ ಜಾಡಿಯನ್ನು ಅಟ್ಟಕ್ಕೆ ಏರಿಸಿದರು. ದೊಡ್ಡಪ್ಪ, “ಈಗಿನ ಮಕ್ಕಳಿಗೆ ಓದಿಸಲೇಬಾರದು” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ರಾತ್ರಿ ಹಾಸ್ಟೆಲಿಗೆ ಬಂದು ಪುಸ್ತಕ ತಿರುವಿದಾಗ ಕಂಡದ್ದು: ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸಾಮಾನ್ಯ ಪಟ್ಟಿ 27ರಿಂದ 34 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಮರುದಿನ ಫೋನ್ ಮಾಡಿ, ಹೊಲಿಗೆಯ ಟೇಪಿನಿಂದ ಅಳೆಯಲು ದೊಡ್ಡಮ್ಮನಿಗೆ ಹೇಳಿದೆ. 37. ಅಷ್ಟೇ ಅಲ್ಲ, ನಾನು ಅಳೆದದ್ದು ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟ ತಕ್ಷಣ. ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು, ಬೆನ್ನಿಗೆ ಆಸರೆಯಿರಲಿಲ್ಲ, ಉದ್ದಕ್ಕೂ ಸೈಟಿನ ವಿಚಾರ ಮಾತಾಡುತ್ತಿದ್ದರು. ಅರ್ಧ ಗಂಟೆ ಮೊದಲಿನಿಂದ ಕಾಫಿ ಕೂಡದು, ಐದು ನಿಮಿಷ ಸುಮ್ಮನೆ ಕೂರಬೇಕು, ಪಾದಗಳು ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು ಎಂಬ ಎಲ್ಲ ನಿಯಮಗಳನ್ನೂ ಬಾಯಿಪಾಠ ಮಾಡಿದವನೇ ನಾನು. ಬಡಾವಣೆಯ ಡಾಕ್ಟರು ದೊಡ್ಡ ಪಟ್ಟಿ ಸುತ್ತಿ ನೋಡಿದಾಗ ಬಂದದ್ದು 134/84. ಸ್ವಲ್ಪ ಜಾಗ್ರತೆ ಇರಲಿ ಎಂದರಂತೆ. ಜಾಡಿ ಅಟ್ಟದಿಂದ ಇಳಿಯಿತು, ನನ್ನ ಮೇಲಿನ ನಂಬಿಕೆ ಅಷ್ಟು ಬೇಗ ಮರಳಿ ಬರಲಿಲ್ಲ.

ಅದೇ ದೊಡ್ಡಪ್ಪನ ಉಸಿರು ಎಣಿಸುವುದೂ ಒಂದು ಕಥೆ. “ನಿಮ್ಮ ಉಸಿರಾಟ ಎಣಿಸುತ್ತೇನೆ” ಎಂದೊಡನೆ ಅವರು ನೆಟ್ಟಗೆ ಕುಳಿತು ಪ್ರಾಣಾಯಾಮ ಶುರು ಮಾಡಿದರು. ನಿಮಿಷಕ್ಕೆ ಐದು! ನಾಡಿ ಹಿಡಿದ ಕೈಯನ್ನು ಬಿಡದೆ, ನಾಡಿಯನ್ನೇ ಎಣಿಸುತ್ತಿರುವವರಂತೆ ನಟಿಸುತ್ತಾ ಎದೆಯ ಏರಿಳಿತ ಎಣಿಸಬೇಕು, ಹೇಳಬಾರದು. ಇಡೀ ಕೋರ್ಸಿನಲ್ಲಿ ರೋಗಿಗೆ ಹೇಳದೆ ಮಾಡಬೇಕಾದದ್ದು ಇದೊಂದೇ ಎಂದು ಕಾಣುತ್ತದೆ. ಉಳಿದದ್ದಕ್ಕೆಲ್ಲ ಮೊದಲು ಹೇಳಬೇಕು, ಒಪ್ಪಿಗೆ ಪಡೆಯಬೇಕು.

ಅಜ್ಜಿಯ ಎದೆ ಕೇಳಲು ಬೆಳಗಿನ ಐದು ಗಂಟೆ ಪ್ರಶಸ್ತ. ಆರಕ್ಕೆಲ್ಲ ಹಾಲಿನವನು, ಕುಕ್ಕರು, ಗುಡಿಯ ಮೈಕು, ಏಳಕ್ಕೆ ಕಸದ ಗಾಡಿಯ ಹಾಡು. ಬೆಂಗಳೂರು ಒಮ್ಮೆ ಬಾಯಿ ತೆರೆದರೆ ಮನುಷ್ಯನ ಹೃದಯ ಕೇಳಿಸುವುದು ಮತ್ತೆ ನಡುರಾತ್ರಿಗೇ. ಫ್ಯಾನು ಆರಿಸಿ, ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಇಡುತ್ತಿದ್ದೆ. ಬಲಗಡೆ ಎರಡನೆಯ ಪಕ್ಕೆಲುಬಿನ ಸಂದು, ಎಡಗಡೆ ಎರಡನೆಯದು, ಮೂರನೆಯದು, ನಾಲ್ಕನೆಯದು, ಆಮೇಲೆ ಐದನೆಯದರಲ್ಲಿ ಕೊರಳೆಲುಬಿನ ನಡುವಿನಿಂದ ನೇರ ಇಳಿದ ಗೆರೆಯ ಮೇಲೆ. ಮೇಲೆ ‘ಡಬ್’ ಜೋರು, ಕೆಳಗೆ ‘ಲಬ್’ ಜೋರು. ಇದನ್ನು ಓದಿದಾಗ ನಂಬಿರಲಿಲ್ಲ, ಅಜ್ಜಿಯ ಸಣಕಲು ಎದೆಯ ಮೇಲೆ ಸ್ಪಷ್ಟವಾಗಿ ಕೇಳಿಸಿತು.

“ಏನು ಹೇಳುತ್ತಿದೆಯಪ್ಪ ಅದು?” ಅಜ್ಜಿ ಕೇಳಿದರು.

“ಲಬ್-ಡಬ್ ಅನ್ನುತ್ತಿದೆ ಅಜ್ಜಿ.”

“ಅಷ್ಟೆಯೇ? ಎಂಬತ್ತು ವರ್ಷದಿಂದ ಅದನ್ನೇ ಹೇಳುತ್ತಿದೆಯೇ?”

ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳನ್ನು ಕಲಿಯಲು ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋಗಿಬಂದೆವು. ಗ್ಲೌಸ್ ಹಾಕಿಕೊಂಡು ನಿಜವಾದ ಮಿದುಳನ್ನು ಅಂಗೈಯಲ್ಲಿ ಹಿಡಿದಾಗ ಅದುವರೆಗೆ ಗದ್ದಲ ಮಾಡುತ್ತಿದ್ದ ನಮ್ಮ ಗುಂಪು ತಣ್ಣಗಾಯಿತು. ಆದರೆ ಮೊದಲ ನರದ ಪರೀಕ್ಷೆ, ಅಂದರೆ ವಾಸನೆಯದು, ನನಗೆ ಮರೆಯದಂತೆ ಕೂತದ್ದು ಅಜ್ಜಿಯಿಂದ. ಕಣ್ಣು ಮುಚ್ಚಿಸಿ, ಒಂದು ಮೂಗಿನ ಹೊಳ್ಳೆ ಒತ್ತಿ ಹಿಡಿದು, ಇನ್ನೊಂದರ ಬಳಿ ಪರಿಚಿತ ವಾಸನೆಯ ವಸ್ತು ಹಿಡಿಯಬೇಕು. ಗಾಂಧಿ ಬಜಾರಿನಿಂದ ತಂದ ಕಾಫಿ ಪುಡಿ ಹಿಡಿದೆ. “ಕಾಫಿ” ಎಂದರು. ಇನ್ನೊಂದು ಹೊಳ್ಳೆಗೆ ಹಿಡಿದೆ. “ಕಾಫಿಯೇ. ಚಿಕೋರಿ ಜಾಸ್ತಿ ಹಾಕಿಸಿದ್ದಾನೆ ನಿನ್ನ ದೊಡ್ಡಪ್ಪ.” ನೋಟ್‌ಬುಕ್ಕಿನಲ್ಲಿ ‘ಎರಡೂ ಕಡೆ ಸಹಜ’ ಎಂದು ಬರೆಯುವುದಕ್ಕೆ ಸ್ವಲ್ಪ ಸಂಕೋಚವಾಯಿತು, ಅದು ಸಹಜಕ್ಕಿಂತ ಹೆಚ್ಚಿನದು.

ಹೊಟ್ಟೆಯ ಒಂಬತ್ತು ವಲಯಗಳಿಗೆ ನನ್ನ ನೆನಪಿನ ಸೂತ್ರ ನವಗ್ರಹ ಕಟ್ಟೆ. ಮೂರು ಸಾಲು, ಸಾಲಿಗೆ ಮೂರು, ನಡುವೆ ಸೂರ್ಯ. ಆ ಸೂರ್ಯನೇ ಹೊಕ್ಕುಳು. ಇಷ್ಟು ಸಿಕ್ಕಿದ ಮೇಲೆ ಉಳಿದ ಎಂಟು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಹೊಟ್ಟೆಗೆ ಕ್ರಮವೂ ಬೇರೆ. ಬೇರೆಲ್ಲ ಕಡೆ ನೋಡಿ, ಮುಟ್ಟಿ, ತಟ್ಟಿ ಕೊನೆಗೆ ಆಲಿಸಿದರೆ, ಇಲ್ಲಿ ನೋಡಿದ ಕೂಡಲೇ ಆಲಿಸಬೇಕು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗಿಬಿಡುತ್ತದೆ. ಕರುಳಿನ ಸದ್ದೇ ಇಲ್ಲ ಎಂದು ಬರೆಯಬೇಕಾದರೆ ಪೂರ್ತಿ ಐದು ನಿಮಿಷ ಕೇಳಿರಬೇಕು. ಮುಟ್ಟುವಾಗ ಕೈ ಬೆಚ್ಚಗಿರಬೇಕು, ರೋಗಿಯ ಮೊಣಕಾಲು ಮಡಿಸಿರಬೇಕು, ನೋವಿರುವ ಜಾಗಕ್ಕೆ ಕೊನೆಯಲ್ಲಿ ಹೋಗಬೇಕು, ಕಣ್ಣು ಹೊಟ್ಟೆಯ ಮೇಲಲ್ಲ, ಮುಖದ ಮೇಲಿರಬೇಕು. ತಣ್ಣನೆಯ ಕೈ ಇಟ್ಟರೆ ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ನಾವು ಅದನ್ನೇ ರೋಗವೆಂದು ಬರೆದುಕೊಳ್ಳುತ್ತೇವೆ. ನನ್ನ ಕೈ ಸದಾ ತಣ್ಣಗೆ. ಅಂಗೈ ಉಜ್ಜಿಕೊಳ್ಳುವುದು ಆಗಿನಿಂದ ಅಭ್ಯಾಸವಾಗಿ, ಬಸ್ಸಿಗೆ ಕಾಯುವಾಗಲೂ ಉಜ್ಜುತ್ತಿದ್ದೆ.

ಒಂದು ದೂರು ಹೇಳಿಬಿಡುತ್ತೇನೆ. ನಾನು ಓದಿದ ದಪ್ಪ ಪುಸ್ತಕಗಳ ಚಿತ್ರಗಳೆಲ್ಲ ಬಿಳಿಯ ಚರ್ಮದವು. ರಕ್ತಹೀನತೆಗೆ ಬಿಳಿಚಿದ ಕೆನ್ನೆ, ಉರಿಯೂತಕ್ಕೆ ಕೆಂಪು ಕಲೆ. ನಮ್ಮ ಅಜ್ಜಿಯ ಬಣ್ಣದಲ್ಲಿ ಕೆಂಪು ಎಲ್ಲಿ ಕಂಡೀತು? ಕೆಳರೆಪ್ಪೆ ಎಳೆದು ನೋಡಬೇಕು, ಅಂಗೈ ನೋಡಬೇಕು, ನಾಲಿಗೆ ನೋಡಬೇಕು, ಕೈಯ ಹಿಂಬದಿಯಿಂದ ಬಿಸಿ ಮುಟ್ಟಿ ನೋಡಬೇಕು. ಕಾಮಾಲೆಗೆ ಕಣ್ಣಿನ ಬಿಳಿಭಾಗ, ಅದೂ ಹಗಲ ಬೆಳಕಿನಲ್ಲಿ. ಒಂದು ರಾತ್ರಿ ಹಾಸ್ಟೆಲಿನ ಮೆಸ್ಸಿನಲ್ಲಿ ಹಳದಿ ಬಲ್ಬಿನ ಕೆಳಗೆ ನನಗೆ ಇಪ್ಪತ್ತು ಮಂದಿಗೂ ಕಾಮಾಲೆ ಕಂಡಿತ್ತು.

ಇಷ್ಟೆಲ್ಲ ಆಗಿ ವಾರ್ಡಿಗೆ ಹೋದ ಮೇಲೆ ತಿಳಿದದ್ದು, ನಾನು ಹೆಚ್ಚು ತಯಾರಾಗಬೇಕಿದ್ದದ್ದು ಪರೀಕ್ಷಿಸುವುದಕ್ಕಲ್ಲ, ಅದಕ್ಕಿಂತ ಮೊದಲಿನ ಮಾತುಕತೆಗೆ ಎಂದು. ಮಾಗಡಿ ಕಡೆಯ ಒಬ್ಬ ಅಜ್ಜಿ, “ಸಂಕಟ ಆಗುತ್ತದೆ ಕಣಪ್ಪ” ಎಂದರು. ಗೆಳೆಯ ನನ್ನನ್ನು ನೋಡಿದ. ಅವನಿಗೆ ಕನ್ನಡ ಬರುವುದಿಲ್ಲ, ನಾನು ಅವನ ದುಭಾಷಿ. “ನೋವು” ಎಂದೆ ಧೈರ್ಯವಾಗಿ. ಅವನು ಬರೆದುಕೊಂಡ. ಮೇಡಂ ಬಂದು, “ಎಲ್ಲಿ ನೋವು? ಎಷ್ಟು? ಹತ್ತರಲ್ಲಿ ಎಷ್ಟು ಅಂಕ ಕೊಟ್ಟರು?” ಎಂದು ಕೇಳಿದರು. ನಾನು ಮತ್ತೆ ಹೋಗಿ, “ಅಜ್ಜಿ, ಸಂಕಟ ಎಂದರೆ ಹೇಗೆ? ನೋವೋ, ವಾಂತಿ ಬರುವ ಹಾಗೋ?” ಎಂದೆ. “ನೋವು ಯಾರು ಹೇಳಿದರು? ಹೊಟ್ಟೆ ತೊಳೆಸುತ್ತದೆ, ಬಾಯಲ್ಲಿ ನೀರು ಬರುತ್ತದೆ” ಎಂದರು. ಪಕ್ಕದ ಮಂಚದ ಹೆಂಗಸು ಅದೇ ಪದವನ್ನು ಎದೆಯುರಿಗೆ ಬಳಸುತ್ತಿದ್ದರು. ಮೂರನೆಯವರಿಗೆ ಊರಿನಲ್ಲಿ ಬಿಟ್ಟು ಬಂದ ಮಗಳ ಚಿಂತೆ, ಅದೂ ಸಂಕಟವೇ.

ಕನ್ನಡ ನನ್ನ ತಾಯಿನುಡಿ, ಆ ಭಾಗ ನನಗೆ ಓದದೆಯೇ ಬರುತ್ತದೆ ಎಂದುಕೊಂಡಿದ್ದೆ. ಮಲಯಾಳಿ ಗೆಳೆಯ ಅಂದಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟ. ಅವನು ಇಂಗ್ಲಿಷ್ ಪದ ಬರೆಯುವುದು, ನಾನು ಎದುರಿಗೆ ರೋಗಿಗಳ ಮಾತು ತುಂಬುವುದು. ಜೋಮು, ಸೆಳೆತ, ಸಿಡಿತ, ನುಲಿತ, ಉರಿ, ಹಿಂಡಿದ ಹಾಗೆ, ಸೂಜಿಯಲ್ಲಿ ಚುಚ್ಚಿದ ಹಾಗೆ, ಕಣ್ಣು ಕತ್ತಲೆ, ಎದೆ ಹಾರುವುದು, ದಮ್ಮು, ಉಬ್ಬಸ, ಉರಿಮೂತ್ರ, ಮೈಯೆಲ್ಲ ಉಷ್ಣ. ಉತ್ತರ ಕರ್ನಾಟಕದವರು ಬಂದರೆ ‘ಜಡ್ಡು’, ‘ಬ್ಯಾನಿ’. ನೋವಿನ ಬಗ್ಗೆ ಏನೇನು ವಿಚಾರಿಸಬೇಕೆಂಬುದಕ್ಕೆ ಇಂಗ್ಲಿಷ್ ಅಕ್ಷರಗಳ ಸೂತ್ರವೊಂದಿದೆ. ನಾನು ಅದನ್ನು ಬಿಟ್ಟು ಎಲ್ಲಿ, ಯಾವಾಗಿನಿಂದ, ಹೇಗೆ, ಎಷ್ಟು, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ, ಜೊತೆಗೆ ಇನ್ನೇನು ಎಂದು ನನ್ನದೇ ಸರಣಿ ಕಟ್ಟಿಕೊಂಡೆ. ಗೆಳೆಯ ಒಂದು ದಿನ ಗೊಂದಲದಿಂದ, “ನಿಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ‘ಕೇಳು’ ಎಂದೇ ಬರೆಸಿದ್ದೀಯಲ್ಲ, ತಪ್ಪಿಲ್ಲ ತಾನೇ?” ಎಂದ. ಇಲ್ಲ ಎಂದೆ. ಆಮೇಲೆ ಬಹಳ ಹೊತ್ತು ಅದನ್ನೇ ಯೋಚಿಸಿದೆ.

ವಾರ್ಡಿನಲ್ಲಿ ನಮ್ಮನ್ನು ‘ಬ್ರದರ್’ ಎನ್ನುತ್ತಾರೆ. ಹೆಂಗಸರನ್ನು ಪರೀಕ್ಷಿಸುವಾಗ ಜೊತೆಗೆ ಒಬ್ಬ ಸಿಸ್ಟರ್ ಇರಲೇಬೇಕು, ಪರದೆ ಎಳೆದಿರಬೇಕು, ನೋಡುವಷ್ಟು ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಇರಬೇಕು. ಮೊದಮೊದಲು ನನ್ನ ಕೈ ನಡುಗುತ್ತಿತ್ತು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಒಬ್ಬ ತರುಣಿಯ ಎದೆಗೆ ನೇರ ಕಿವಿಯಿಡಲು ನಾಚಿ, ಕಾಗದ ಸುರುಳಿ ಸುತ್ತಿ ಅದರ ಮೂಲಕ ಆಲಿಸಿದರು, ಸ್ಟೆತಾಸ್ಕೋಪ್ ಹುಟ್ಟಿದ್ದೇ ಹಾಗೆ ಎಂದು ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಕೊರಳಲ್ಲಿ ನೇತುಹಾಕಿಕೊಂಡ ವಸ್ತುವೇ ಸಂಕೋಚದ ಮಗು.

ಪರೀಕ್ಷೆ ‘ಓಸ್ಕಿ’ ಮಾದರಿಯದು, ಅಂದರೆ ಬರೆಯುವುದಲ್ಲ, ಮಾಡಿ ತೋರಿಸುವುದು. ಸಾಲಾಗಿ ಸ್ಟೇಷನ್‌ಗಳು, ಒಂದೊಂದಕ್ಕೆ ಐದು ನಿಮಿಷ, ಗಂಟೆ ಬಾರಿಸಿದರೆ ಮುಂದಕ್ಕೆ. ನನಗೆ ಬಂದದ್ದು ಹೊಟ್ಟೆ. ಮಂಚದ ಮೇಲೆ ರೋಗಿಯಾಗಿ ಮಲಗಿದ್ದವರು ಕಾಲೇಜಿನ ಹಿರಿಯ ಅಟೆಂಡರ್. ಹೆಸರು ಹೇಳಿಕೊಂಡೆ, ಏನು ಮಾಡುತ್ತೇನೆಂದು ವಿವರಿಸಿದೆ, ಮೊಣಕಾಲು ಮಡಿಸಿಸಿದೆ. ನೋಡಿದೆ, ಆಲಿಸಿದೆ, ತಟ್ಟಿದೆ. ಯಕೃತ್ತಿನ ಮೇಲಂಚು ಕ್ಯಾನಿನ ನೀರಿನಷ್ಟೇ ಸಲೀಸಾಗಿ ಸಿಕ್ಕಿತು. ಅಂಗೈ ಉಜ್ಜಿಕೊಂಡು, ಅವರ ಮುಖ ನೋಡುತ್ತಾ ಒಂಬತ್ತೂ ಗ್ರಹಗಳನ್ನು ಸುತ್ತಿ ಬಂದೆ. ಪರೀಕ್ಷಕರು ಹಾಳೆಯ ಮೇಲೆ ಗುರುತು ಹಾಕುತ್ತಲೇ ಇದ್ದರು. ಎಲ್ಲ ಸರಿಯಾಯಿತೆಂಬ ಹಿಗ್ಗಿನಲ್ಲಿ ಗಂಟೆ ಕೇಳಿ ಹೊದಿಕೆ ಸರಿಪಡಿಸುತ್ತಿದ್ದಾಗ ಅಟೆಂಡರ್ ಮೆಲ್ಲಗೆ, ತುಟಿ ಅಲುಗದ ಹಾಗೆ ಹೇಳಿದರು: “ತಮ್ಮ, ಬಂದವನೇ ಕೈ ತೊಳೆಯುವುದು ಮರೆತೆಯಲ್ಲ.”

ಚೆಕ್‌ಲಿಸ್ಟಿನ ಮೊಟ್ಟಮೊದಲ ಸಾಲು ಅದು.

ನನ್ನ ಮುಖ ನೋಡಿ ಪಾಪ ಎನಿಸಿರಬೇಕು. “ಬೆಳಿಗ್ಗೆಯಿಂದ ಇಪ್ಪತ್ತೆರಡು ಕೈ ಬಿದ್ದವು ಈ ಹೊಟ್ಟೆಯ ಮೇಲೆ” ಎಂದರು. “ಬೆಚ್ಚಗಿದ್ದದ್ದು ನಿನ್ನದೇ.”